ಮೇಳದ ಮೈದಾನಕ್ಕೆ ರೇಸ್ ಕಾರು ಬಂದದ್ದು ಹೇಗೆ?

ಪ್ರಶ್ನೆ: ಅಮೆರಿಕದ 'ಸ್ಪ್ರಿಂಟ್ ಕಾರು' ಎಂಬ ಹಳೆಯ ರೇಸ್ ಕಾರುಗಳ ಚಿತ್ರಗಳಲ್ಲಿ ಹೆಚ್ಚಾಗಿ ಮಣ್ಣಿನ ಟ್ರ್ಯಾಕೇ ಕಾಣುತ್ತದೆ. ಅಲ್ಲಿ ಡಾಂಬರಿಗೆ ಬರವಿತ್ತೇ?

ಉತ್ತರ: ಬರವೇನಿಲ್ಲ, ಮಣ್ಣಿನ ಟ್ರ್ಯಾಕ್ ಮೊದಲೇ ಸಿದ್ಧವಿತ್ತು, ಅಷ್ಟೆ. ಕೃಷಿ ಮೇಳದ ಮೈದಾನಗಳಲ್ಲಿ ಕುದುರೆ ಓಟಕ್ಕೆಂದು ಮಾಡಿದ ಅಂಡಾಕಾರದ ಹಾದಿ, ಪಕ್ಕದಲ್ಲಿ ಪ್ರೇಕ್ಷಕರ ಗ್ಯಾಲರಿ ಇರುತ್ತಿದ್ದವು. ಕಾರುಗಳು ಅಲ್ಲಿಗೇ ಇಳಿದವು. ಮಿಲ್ವಾಕಿಯ ಅಂಥ ಮೈದಾನದಲ್ಲಿ 1903ರಲ್ಲೇ ಕಾರು ರೇಸ್ ನಡೆದಿತ್ತು. ಅಯೋವದ ನಾಕ್ಸ್‌ವಿಲ್ ಮೈದಾನದಲ್ಲಿ 1961ರಲ್ಲಿ ಶುರುವಾದ ಸ್ಪ್ರಿಂಟ್ ಕಾರು ಸ್ಪರ್ಧೆ 'ನ್ಯಾಷನಲ್ಸ್' ಈಗಲೂ ಹೆಸರುವಾಸಿ.

ಮಣ್ಣಿನ ಟ್ರ್ಯಾಕಿನ ರೇಸ್‌ನಲ್ಲಿ ನೋಡುವ ಸೊಗಸೆಲ್ಲ ತಿರುವಿನಲ್ಲಿ. ಹಿಂಬದಿ ಜಾರುತ್ತಿರುತ್ತದೆ, ಕಾರು ಎಡಕ್ಕೆ ಹೊರಳಿದರೂ ಮುಂದಿನ ಚಕ್ರಗಳು ಬಲಕ್ಕೇ ತಿರುಗಿರುತ್ತವೆ. ಬಲಗಡೆಯ ಹಿಂದಿನ ಟೈರು ಎಡಗಡೆಯದಕ್ಕಿಂತ ದೊಡ್ಡದು. ಇನ್ನೊಂದು ತಮಾಷೆ: ಇಷ್ಟು ಬಲದ ಕಾರಿಗೆ ಸ್ಟಾರ್ಟರ್ ಇಲ್ಲ. ಹಿಂದಿನಿಂದ ಬೇರೊಂದು ಗಾಡಿ ತಳ್ಳಿದರೇನೇ ಎಂಜಿನ್ ಚಾಲೂ!