ಹೈಟೆನ್ಷನ್ ತಂತಿಯೂ ಗಬ್ಬದ ಹಸುವೂ

ಹೈಟೆನ್ಷನ್ ತಂತಿಗಳು ಹೊಲಗಳ ಮೇಲೆ ಹಾದುಹೋಗುವುದು ಈ ಸೀಮೆಗೆ ಹೊಸದಲ್ಲ. 1902ರಲ್ಲಿಯೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳವರೆಗೆ ಸುಮಾರು 147 ಕಿಲೋಮೀಟರು ದೂರ ವಿದ್ಯುಚ್ಛಕ್ತಿಯನ್ನು ಒಯ್ಯಲಾಯಿತು. ಆದಾಗ್ಯೂ, ಅಂತಹ ತಂತಿಯ ಕೆಳಗೆ ಮೇಯುವ ಗಬ್ಬದ ಹಸುವು ಏಳನೆಯ ತಿಂಗಳಿನಲ್ಲಿ ಕಂದು ಹಾಕಿದರೆ, ತಂತಿಯಿಂದ ಹೊರಡುವ ಅಯಸ್ಕಾಂತ ಶಕ್ತಿಯೇ ಗರ್ಭಕೋಶವನ್ನು ಕೆಡಿಸಿತೆಂದು ಹೇಳುವವರುಂಟು. ಮಾತು ಅಷ್ಟಕ್ಕೇ ನಿಂತರೆ ಚಿಂತೆಯಿರಲಿಲ್ಲ. ತಂತಿಯನ್ನು ದೂರಿ ಹಸುವನ್ನು ಸಂತೆಗೆ ಹೊಡೆದು ಮಾರಿಬಿಡುವುದರಿಂದ, ನಿಜವಾದ ರೋಗವು ಇನ್ನೊಬ್ಬರ ಕೊಟ್ಟಿಗೆಯನ್ನು ಸೇರುವುದು.

ವಿದ್ಯುತ್ತು ಹರಿಯುವ ತಂತಿಯ ಸುತ್ತ ಕಾಂತಕ್ಷೇತ್ರವಿರುವುದು ದಿಟ. ಅದನ್ನು ಮೈಕ್ರೋಟೆಸ್ಲಾ ಎಂಬ ಮಾನದಿಂದ ಅಳೆಯುತ್ತಾರೆ. ದೊಡ್ಡ ತಂತಿಗಳ ನೇರ ಕೆಳಗೆ ಅದು 20 ಮೈಕ್ರೋಟೆಸ್ಲಾದವರೆಗೆ ಇರಬಹುದು. ದೂರ ಸರಿದಂತೆ ಬೇಗನೆ ಕುಗ್ಗುವುದು. ಭೂಮಿಯ ಸ್ವಂತ ಕಾಂತಕ್ಷೇತ್ರವೇ ಇಲ್ಲಿ ಸುಮಾರು 40ರಷ್ಟಿದೆ. ಆದರೆ ಭೂಮಿಯದು ಸ್ಥಿರವಾದುದು, ತಂತಿಯದು ಸೆಕೆಂಡಿಗೆ 50 ಆವರ್ತಗಳಂತೆ ದಿಕ್ಕು ಬದಲಿಸುವಂಥದು. ಆದಕಾರಣ ಈ ಹೋಲಿಕೆಯೊಂದರಿಂದಲೇ ತೀರ್ಮಾನಕ್ಕೆ ಬರಲಾಗದು. ಕೆನಡಾ ದೇಶದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದವರು 1990ರ ದಶಕದಲ್ಲಿ ಗಬ್ಬದ ಹಸುಗಳನ್ನು 30 ಮೈಕ್ರೋಟೆಸ್ಲಾದ ಕ್ಷೇತ್ರದಲ್ಲಿ ವಾರಗಟ್ಟಲೆ ಇರಿಸಿ ಪರೀಕ್ಷಿಸಿದರು. ಮೇವಿನ ಪ್ರಮಾಣ ಮುಂತಾದವುಗಳಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ತೋರಿತೇ ಹೊರತು ಆರೋಗ್ಯಕ್ಕೆ ಅಪಾಯವೆನ್ನಬಹುದಾದುದು ಕಾಣಲಿಲ್ಲ. ಇದಲ್ಲದೆ, ಮೇವಿನೊಡನೆ ನುಂಗಿದ ಮೊಳೆಗಳು ಹೃದಯವನ್ನು ಚುಚ್ಚದಿರಲೆಂದು ಹಸುವಿಗೆ ಅಯಸ್ಕಾಂತದ ತುಂಡೊಂದನ್ನು ನುಂಗಿಸುವ ಪದ್ಧತಿಯು ಹಲವು ದೇಶಗಳಲ್ಲಿದೆ. ಆ ತುಂಡು ಜೀವಮಾನವೆಲ್ಲ ಹೊಟ್ಟೆಯಲ್ಲಿಯೇ ಉಳಿದರೂ ಹಸು ಈಯುವುದಕ್ಕೆ ಅಡ್ಡಿಯಿಲ್ಲ.

ಮನೆಯ ಗರ್ಭಿಣಿಯರ ವಿಷಯದಲ್ಲಿಯೂ ಇದೇ ಪ್ರಶ್ನೆ ಏಳುವುದುಂಟು. 2002ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಅಧ್ಯಯನವು ಗರ್ಭಪಾತಕ್ಕೂ ಕಾಂತಕ್ಷೇತ್ರಕ್ಕೂ ನಂಟನ್ನು ಸೂಚಿಸಿತು. ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಅಂದಿನವರೆಗಿನ ಸಂಶೋಧನೆಗಳನ್ನು ಪರಿಶೀಲಿಸಿ, ಆಧಾರವು ಸಾಲದೆಂದು ತಿಳಿಸಿತು. ತಂತಿಯ ವಿಷಯದಲ್ಲಿ ನಿಜವಾಗಿ ಭಯಪಡತಕ್ಕದ್ದು ಹರಿದುಬಿದ್ದ ತಂತಿಗೂ ವಿದ್ಯುತ್ತು ಸೋರುವ ಕಂಬಕ್ಕೂ.

ಹಾಗಾದರೆ ಹಸು ಕಂದು ಹಾಕುವುದೇಕೆ? ಕಾರಣಗಳು ಹಲವು. ಆದರೆ ಐದನೆಯ ತಿಂಗಳು ಕಳೆದ ಮೇಲೆ ಗರ್ಭವಿಳಿದು, ಮಾಸು ಬೀಳದೆ ಉಳಿದು, ಒಂದೇ ಕೊಟ್ಟಿಗೆಯಲ್ಲಿ ಎರಡು ಮೂರು ಹಸುಗಳಿಗೆ ಹೀಗಾದರೆ, ಮೊದಲು ಸಂಶಯಪಡತಕ್ಕದ್ದು ಬ್ರುಸೆಲ್ಲೋಸಿಸ್ ಎಂಬ ಕಂದುರೋಗವನ್ನು. ಇದರ ರೋಗಾಣುವನ್ನು ಡೆನ್ಮಾರ್ಕಿನ ಬ್ಯಾಂಗ್ ಎಂಬ ಪಂಡಿತರು 1897ರಲ್ಲಿ ಕಂಡುಹಿಡಿದರು. ಗಬ್ಬದ ಹಸುವಿನ ಗರ್ಭಕೋಶದಲ್ಲಿ ಎರಿಥ್ರಿಟಾಲ್ ಎಂಬ ಸಕ್ಕರೆಯಂತಹ ವಸ್ತುವಿರುವುದರಿಂದ ಈ ರೋಗಾಣುವು ಅಲ್ಲಿಯೇ ಹುಲುಸಾಗಿ ಬೆಳೆಯುವುದು. ಬಿದ್ದ ಕರು, ಮಾಸು, ಸ್ರಾವ ಇವೆಲ್ಲವೂ ರೋಗಾಣುಗಳಿಂದ ತುಂಬಿರುತ್ತವೆ. ತಂತಿಯ ಕೆಳಗಿನ ಹುಲ್ಲಿನಲ್ಲಿ ಒಂದು ಹಸು ಕಂದು ಹಾಕಿದರೆ, ಅಲ್ಲಿಯೇ ಮೇಯ್ದ ಎರಡನೆಯದೂ ಮುಂದೆ ಕಂದು ಹಾಕಬಹುದು. ನೋಡುವವರಿಗೆ ತಂತಿಯ ಮೇಲಿನ ದೂರು ರುಜುವಾತಾದಂತೆಯೇ ತೋರುವುದು! ಬರಿಗೈಯಿಂದ ಮಾಸು ತೆಗೆದ ಆಳಿಗೂ ಹಸಿಹಾಲು ಕುಡಿದ ಮಕ್ಕಳಿಗೂ ಈ ರೋಗವು ತಗಲಿ ಬಹುಕಾಲ ಜ್ವರ, ಕೀಲುನೋವುಗಳಿಂದ ಪೀಡಿಸುವುದು.

ಕಂದು ಹಾಕಿದ ಹಸುವನ್ನು ಒಡನೆಯೇ ಬೇರೆ ಕಟ್ಟಿ, ಪಶುವೈದ್ಯರಿಂದ ರಕ್ತಪರೀಕ್ಷೆ ಮಾಡಿಸತಕ್ಕದ್ದು. ಫಲಿತಾಂಶ ತಿಳಿಯುವ ಮುನ್ನ ಮಾರಕೂಡದು. ಮಾಸನ್ನು ತಿಪ್ಪೆಗೆ ಎಸೆಯದೆ, ಕೈಗವಸು ಧರಿಸಿ, ನಾಯಿಗಳು ಕೆದಕದಷ್ಟು ಆಳದಲ್ಲಿ ಸುಣ್ಣ ಹಾಕಿ ಹೂಳಬೇಕು. ಹಾಲನ್ನು ಕಾಯಿಸದೆ ಕುಡಿಯಕೂಡದು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಈ ರೋಗದ ಲಸಿಕೆಯನ್ನು ಗೊತ್ತುಪಡಿಸಿದೆ. ಜೀವಂತ ರೋಗಾಣುವಿನ ಲಸಿಕೆಯಾದ ಕಾರಣ ಗಬ್ಬದ ಹಸುವಿಗೂ ಗಂಡುಕರುವಿಗೂ ಇದು ಸಲ್ಲದು. ಗ್ರಾಮದ ಮುಖಂಡರು ಈ ವಯಸ್ಸಿನ ಕರುಗಳ ಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಂಡರೆ, ಲಸಿಕೆ ಹಾಕುವವರು ಬಂದ ದಿನ ಒಂದು ಕರುವೂ ತಪ್ಪಿಹೋಗದು.