ಗಟ್ಟಿ ನೆಲದ ಸಾಮು, ಅಲುಗುವ ನೆಲದ ಸಾಮು

ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯ ಸುತ್ತಿನ ಹೊಲಗಳನ್ನು ಮಳೆಗಾಲದಲ್ಲಿ ಕಂಡವರು ಈ ನೋಟವನ್ನು ನೆನೆಯಬಹುದು. ಹುಲ್ಲಿನ ಹೊರೆಯನ್ನು ತಲೆಯ ಮೇಲೆ ಹೊತ್ತ ತಾಯಿಯು ಜಾರುವ ಬದುವಿನ ಮೇಲೆ ಹೆಜ್ಜೆ ತಪ್ಪದೆ ನಡೆಯುವಳು. ಸುಗ್ಗಿಯಲ್ಲಿ ಅವಳ ಮಗನು ಗಟ್ಟಿಯಾದ ಕಣದಲ್ಲಿ ನಿಂತು ಕಾಳಿನ ಚೀಲವನ್ನು ಬೆನ್ನಿಗೇರಿಸುವನು. ಅದೇ ಚೀಲವನ್ನು ಹೊರಿಸಿ ಅವನನ್ನು ಕೆಸರಿನ ಬದುವಿಗೆ ಕಳುಹಿಸಿದರೆ ಅವನ ಕಾಲು ನಡುಗುವುದು. ಬಲವು ಬೇರೆ, ಸಮತೋಲವು ಬೇರೆ. ಎರಡಕ್ಕೂ ಬೇರೆ ಬೇರೆ ಸಾಧನೆ ಬೇಕು.

ನಮ್ಮ ಗರಡಿಮನೆಯ ರೂಢಿಯಲ್ಲಿಯೂ ಈ ಭೇದವು ಕಾಣುವುದು. ದಂಡ, ಬಸ್ಕಿ, ಗುಂಡು ಎತ್ತುವಿಕೆ ಇವು ಗಟ್ಟಿ ನೆಲದ ಮೇಲೆ. ಕುಸ್ತಿಯು ಹದಮಾಡಿದ ಮೆತ್ತನೆಯ ಕೆಮ್ಮಣ್ಣಿನಲ್ಲಿ. ಮಲ್ಲಗಂಬದಲ್ಲಿ ನೆಲದಲ್ಲಿ ಹೂಳಿದ ಕಂಬವೊಂದು, ಸರಪಳಿಯಿಂದ ತೂಗಬಿಟ್ಟ ಗಿಡ್ಡ ಕಂಬವಿನ್ನೊಂದು.

ಇದಕ್ಕೆ ಕಾರಣವೇನು? ಕಾಲಡಿಯ ಆಧಾರವು ಅಲುಗುವಾಗ ಸ್ನಾಯುಗಳು ತಮ್ಮ ಶ್ರಮದ ಬಹುಭಾಗವನ್ನು ಕೀಲುಗಳನ್ನು ಬಿಗಿಹಿಡಿದು ದೇಹವನ್ನು ಬೀಳದಂತೆ ನಿಲ್ಲಿಸುವುದಕ್ಕೇ ವೆಚ್ಚಮಾಡುವವು. ಭಾರವನ್ನು ನೂಕಲು ಉಳಿಯುವುದು ಅಲ್ಪವೇ. 2004ರಲ್ಲಿ ಕೆನಡಾ ದೇಶದ ಆಂಡರ್ಸನ್ ಮತ್ತು ಬೆಮ್ ಎಂಬ ಸಂಶೋಧಕರು ಇದನ್ನು ಅಳೆದು ನೋಡಿದರು. ಅಂಗಾತ ಮಲಗಿ ತೋಳುಗಳಿಂದ ಮೇಲಕ್ಕೆ ಒತ್ತುವಾಗ, ಗಾಳಿ ತುಂಬಿದ ದೊಡ್ಡ ಚೆಂಡಿನ ಮೇಲಿದ್ದವರ ಬಲವು ಗಟ್ಟಿ ಹಲಗೆಯ ಮೇಲಿನದಕ್ಕಿಂತ ಸುಮಾರು ಶೇಕಡಾ 60ರಷ್ಟು ಕಡಿಮೆಯಾಯಿತು. ಸ್ನಾಯುಗಳ ದುಡಿತ ಮಾತ್ರ ಹೆಚ್ಚು ಕಡಿಮೆ ಅಷ್ಟೇ ಇದ್ದಿತು. ಆದುದರಿಂದ ಮೈಯಲ್ಲಿ ಕಸುವು ಬೆಳೆಯಬೇಕೆನ್ನುವ ತರುಣರು ಗಟ್ಟಿ ನೆಲವನ್ನೇ ಆಶ್ರಯಿಸಲಿ. ದೊಡ್ಡ ಭಾರವನ್ನು ಅಲುಗುವ ಹಲಗೆಯ ಮೇಲೆ ಎತ್ತುವುದು ಸಾಹಸವಲ್ಲ, ಅವಿವೇಕ.

ಹಾಗೆಂದು ಸಮತೋಲದ ಸಾಧನೆಯು ವ್ಯರ್ಥವೆಂದು ಯಾರೂ ತಿಳಿಯಬಾರದು. ಮನೆಯ ಅಜ್ಜ ಅಜ್ಜಿಯರು ಒದ್ದೆಯಾದ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರೆ ಮನೆಯೇ ಕಂಗೆಡುವುದು. 60 ವರ್ಷ ದಾಟಿದವರನ್ನು ಕುರಿತು ಅನೇಕ ಪ್ರಯೋಗಗಳನ್ನು ಕೂಡಿಸಿ ನೋಡಿದ 2019ರ ಸಮೀಕ್ಷೆಯು, ವ್ಯಾಯಾಮದಿಂದ ಬೀಳುವಿಕೆಯು ಸುಮಾರು ಶೇಕಡಾ 23ರಷ್ಟು ಇಳಿಯುವುದೆಂದು ತೋರಿಸಿತು. ವೃದ್ಧರು ವಾರದಲ್ಲಿ ಮೂರು ದಿನವಾದರೂ ಬಲ ಮತ್ತು ಸಮತೋಲ ಇವೆರಡನ್ನೂ ಸಾಧಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದೆ.

ಇದಕ್ಕೆ ಯಾವ ಸಲಕರಣೆಯೂ ಬೇಡ. ಬಲಕ್ಕಾಗಿ, ಕುರ್ಚಿಯಿಂದ ಹತ್ತು ಸಲ ಮೆಲ್ಲನೆ ಏಳುವುದು, ಕೂಡುವುದು. ಸಮತೋಲಕ್ಕಾಗಿ, ಗೋಡೆಯನ್ನು ಹಿಡಿದು ಒಂದು ಪಾದದ ಹಿಂದೆ ಇನ್ನೊಂದನ್ನಿಟ್ಟು ನಿಲ್ಲುವುದು. ಅದು ಸಾಧಿಸಿದ ಮೇಲೆ ಒಂಟಿ ಕಾಲಿನಲ್ಲಿ ನಿಲ್ಲುವುದು. ಮಡಿಚಿದ ಕಂಬಳಿಯ ಮೇಲೆ ನಿಲ್ಲುವುದು ಕೊನೆಗೆ, ಅದೂ ಮನೆಯವರೊಬ್ಬರು ಪಕ್ಕದಲ್ಲಿರುವಾಗ. ತಲೆ ತಿರುಗುವವರು ಮೊದಲು ವೈದ್ಯರನ್ನು ಕಾಣತಕ್ಕದ್ದು.

ಕಲಘಟಗಿಯು ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಊರು. ಆದರೆ ತೂಗುವ ತೊಟ್ಟಿಲಿನಲ್ಲಿ ಯಾವ ಕೂಸೂ ನಿಲ್ಲಲು ಕಲಿಯಲಿಲ್ಲ. ಗಟ್ಟಿ ನೆಲದ ಮೇಲೆ ಗೋಡೆ ಹಿಡಿದು ನಿಂತು, ಆಮೇಲೆ ಕೈಬಿಟ್ಟು ನಡೆಯಿತು. ಮುಪ್ಪಿನಲ್ಲಿಯೂ ನಮಗೆ ಅದೇ ಕ್ರಮವು ಹಿತವಾದುದು.