ಗುಳಿಗೆಗೆ ರಜೆ ಇಲ್ಲ

ಮಕ್ಕಳೇ, 2020ರ ಮಾರ್ಚ್ 25ರಿಂದ ದೇಶಕ್ಕೆಲ್ಲ ಬೀಗ ಬಿದ್ದಿತ್ತು. ನಿಮ್ಮಲ್ಲಿ ಚಿಕ್ಕವರಿಗೆ ನೆನಪಿರಲಿಕ್ಕಿಲ್ಲ, ಮನೆಯ ಹಿರಿಯರನ್ನು ಕೇಳಿ. ಕೊರೊನಾ ಭಯಕ್ಕೆ ಶಾಲೆ, ಬಸ್ಸು, ಸಂತೆ ಎಲ್ಲ ನಿಂತವು. ಆದರೆ ಎಚ್‌ಐವಿ ಇರುವವರು ದಿನವೂ ನುಂಗುವ ಗುಳಿಗೆಗೆ ಮಾತ್ರ ರಜೆ ಇರಲಿಲ್ಲ.

ನಮ್ಮ ಮುದಗಲ್ಲಿನ ಕೋಟೆಯನ್ನು ನೋಡಿದ್ದೀರಲ್ಲ? ಗೋಡೆ ಎಷ್ಟು ಗಟ್ಟಿಯಿದ್ದರೂ ಕಾವಲಿನವರಿಲ್ಲದಿದ್ದರೆ ಯಾರು ಬೇಕಾದರೂ ಒಳಗೆ ನುಗ್ಗಬಹುದು. ನಮ್ಮ ರಕ್ತದಲ್ಲಿಯೂ ಸಿಡಿ4 ಎಂಬ ಕಾವಲಿನ ಕಣಗಳಿವೆ. ಎಚ್‌ಐವಿ ವೈರಾಣು ಅವುಗಳನ್ನೇ ಹಾಳುಮಾಡುತ್ತದೆ. ಎ.ಆರ್.ಟಿ. ಔಷಧ ಈ ವೈರಾಣುವನ್ನು ಬೆಳೆಯಗೊಡುವುದಿಲ್ಲ, ಆದರೆ ಬೇರುಸಮೇತ ಕೀಳಲೂ ಆಗುವುದಿಲ್ಲ. ಹಾಗಾಗಿ ಜೀವನಪೂರ್ತಿ ತೆಗೆದುಕೊಳ್ಳಬೇಕು. ನಾನು ಬ್ಯಾಂಕಿನಲ್ಲಿದ್ದವನು. ಸಾಲದ ಕಂತು ತಪ್ಪಿದರೆ ದಂಡ ಕಟ್ಟಿ ಸರಿಪಡಿಸಬಹುದು. ಗುಳಿಗೆಯನ್ನು ಆಗಾಗ ಬಿಟ್ಟರೆ ವೈರಾಣು ಆ ಔಷಧಕ್ಕೇ ಬಗ್ಗದಂತಾಗಬಹುದು.

ನಮ್ಮ ದೇಶದ ಸರ್ಕಾರಿ ಎ.ಆರ್.ಟಿ. ಕೇಂದ್ರಗಳಲ್ಲಿ 2004ರ ಏಪ್ರಿಲ್ 1ರಿಂದ ಈ ಔಷಧವನ್ನು ಉಚಿತವಾಗಿ ಕೊಡುತ್ತಿದ್ದಾರೆ. ಇದಕ್ಕಾಗಿ ಆಸ್ಪತ್ರೆಯಲ್ಲಿ ಮಲಗಬೇಕಿಲ್ಲ. ಹೊರರೋಗಿಯಾಗಿ ಹೋಗಿ, ತೂಕ ನೋಡಿಸಿ, ಹಸಿರು ಪುಸ್ತಕದಲ್ಲಿ ಬರೆಸಿ, ಡಬ್ಬಿ ತಂದರಾಯಿತು. ಆ ಪುಸ್ತಕ ಒಂದು ಬಗೆಯ ಪಾಸ್‌ಬುಕ್ ಇದ್ದಂತೆ.

ಬಸ್ಸು ನಿಂತಾಗ ತೊಂದರೆಯಾದದ್ದೇ ಇಲ್ಲಿ. ಮುದಗಲ್ಲಿನಿಂದ ಜಿಲ್ಲಾ ಕೇಂದ್ರ ರಾಯಚೂರಿಗೆ ಸುಮಾರು ನೂರು ಕಿಲೋಮೀಟರ್. ಇಂಥ ಊರಿನವರು ಡಬ್ಬಿ ಖಾಲಿಯಾದರೆ ಏನು ಮಾಡಬೇಕು? ಯಾರದಾದರೂ ಮೋಟಾರ್‌ಸೈಕಲ್ ಸಿಕ್ಕಿತೆಂದೇ ಇಟ್ಟುಕೊಳ್ಳಿ. ದಾರಿಯಲ್ಲಿ ಪೊಲೀಸರು "ಎಲ್ಲಿಗೆ, ಯಾಕೆ?" ಎಂದರೆ, ನೆರೆಮನೆಯವರಿಗೂ ಹೇಳದ ಮಾತನ್ನು ನಡುಬೀದಿಯಲ್ಲಿ ಹೇಳುವುದು ಹೇಗೆ?

ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಇದಕ್ಕೆ ದಾರಿ ತೋರಿಸಿತು. ಸ್ಥಿರವಾಗಿರುವವರಿಗೆ ಮೂರು ತಿಂಗಳ ಗುಳಿಗೆಯನ್ನು ಒಮ್ಮೆಗೇ ಕೊಡಿ ಎಂದಿತು. ಬೇರೆ ಊರಿನಲ್ಲಿ ಸಿಕ್ಕಿಬಿದ್ದವರು ಹತ್ತಿರದ ಕೇಂದ್ರದಲ್ಲೇ ಪಡೆಯಬಹುದೆಂದಿತು. ಹಲವೆಡೆ ಕಾರ್ಯಕರ್ತರು, ತಾವೇ ಎಚ್‌ಐವಿಯೊಂದಿಗೆ ಬದುಕುತ್ತಿರುವವರು ಕೂಡ, ಮನೆಮನೆಗೆ ಔಷಧ ತಲುಪಿಸಿದರು. ಜಗತ್ತಿನ ಬೇರೆ ಕಡೆಗಳಲ್ಲೂ ಇದೇ ಚಿಂತೆಯಿತ್ತು. ಔಷಧ ಮುಗಿದುಹೋಗುವ ಅಪಾಯದಲ್ಲಿ 73 ದೇಶಗಳಿವೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಜುಲೈನಲ್ಲಿ ತಿಳಿಸಿತ್ತು.

ಒಟ್ಟಿಗೆ ಉಣ್ಣುವುದರಿಂದ, ಕೈಕುಲುಕುವುದರಿಂದ, ಒಂದೇ ಬೆಂಚಿನಲ್ಲಿ ಕೂರುವುದರಿಂದ ಎಚ್‌ಐವಿ ಹರಡುವುದಿಲ್ಲ. ಶಾಲೆ, ಕೆಲಸ, ಆಸ್ಪತ್ರೆ ಎಲ್ಲೂ ಇವರಿಗೆ ಭೇದ ಮಾಡಬಾರದೆಂದು 2017ರ ಕಾನೂನು ಹೇಳುತ್ತದೆ. ಆ ಅಂಜಿಕೆ ಇರದಿದ್ದರೆ ಪೊಲೀಸರ ಮುಂದೆ ಬಾಯಿ ಕಟ್ಟುತ್ತಿರಲಿಲ್ಲ. ಈ ಬಗ್ಗೆ ಏನೇ ಕೇಳಬೇಕಿದ್ದರೂ 1097ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಅಜ್ಜ ಅಜ್ಜಿಯರೇ, ನಮ್ಮ ಬಿ.ಪಿ., ಸಕ್ಕರೆಯ ಗುಳಿಗೆಗಳಿಗೂ ಇದೇ ಲೆಕ್ಕ. ಡಬ್ಬಿ ತಳ ಕಾಣುವ ಮೊದಲೇ ತರಿಸಿಡಿ. ಮೊಮ್ಮಕ್ಕಳೇ, ಭಾನುವಾರಕ್ಕೊಮ್ಮೆ ಎಷ್ಟು ಉಳಿದಿವೆಯೆಂದು ಎಣಿಸಿ ಹೇಳುವ ಕೆಲಸ ನಿಮ್ಮದು.